ಜೂಲಿಗೆ ಆಪರೇಷನ್ ಆಗಿದೆ

ಆಗಸ್ಟ್ 3, ಭಾನುವಾರ

ರಜೆ. ಜೂಲಿಗೆ ಬಾಚಿದ್ದೇ ಬಾಚಿದ್ದು... ಮುಗಿಯಲೇ ಇಲ್ಲ. ಹೆಸರಿಗೆ ತಕ್ಕ ಜೂಲು ನಾಯಿ. ನಮ್ಮ ಮನೆಗೆ ಬಂದು ತಿಂಗಳಾಯಿತು. ಎದುರು ಮನೆಯ ಅಮ್ಮಯಮ್ಮ ಹೊಸಕೋಟೆಗೆ, ಮಗಳ ಮನೆಗೆ ಹೊರಟಾಗ ನಮಗೆ ಒಪ್ಪಿಸಿದ ಆಸ್ತಿ. ಬಂದಾಗ ಮೈ ಮಿರಮಿರ ಮಿಂಚುತ್ತಿತ್ತು. ಈಗ ಬೆನ್ನಿನ ಕೂದಲು ಒಣಹುಲ್ಲು. ಹಿಡಿದರೆ ಕೈಗೇ ಬರುತ್ತದೆ.

ಯಜಮಾನರು ಹೊಸ್ತಿಲಲ್ಲಿ ನಿಂತು, "ನನ್ ತಲೇನೂ ಹಿಂಗೇ ಬಾಚಿದ್ದಿದ್ರೆ ನಂಗೂ ನಾಕು ಕೂದ್ಲು ಉಳೀತಿತ್ತು" ಅಂದರು. ಬೋಳುತಲೆ ಸವರಿಕೊಂಡು. ನಗು ಬಂತು.

ಆಪರೇಷನ್ ಆದ ಹೆಣ್ಣುನಾಯಿಗಳಿಗೆ ಕೂದಲು ಹೀಗಾಗುತ್ತದಂತೆ. ಫೋನಿನಲ್ಲಿ ಓದಿದೆ. ಒರಟಾಗುತ್ತದೆ, ಮಂಕಾಗುತ್ತದೆ, ಉದ್ದ ಕೂದಲಿನವಕ್ಕೆ ಇನ್ನೂ ಜಾಸ್ತಿ. ಮೈಯೂ ಬರುತ್ತದೆ. ಹೆದರುವಂಥದ್ದೇನಿಲ್ಲ.

ಜೂಲಿಗೆ ಆಪರೇಷನ್ ಆಗಿದೆ. ಎಡಗಿವಿಯ ತುದಿ ಕತ್ತರಿಸಿದೆ — ಬೀದಿನಾಯಿಗಳನ್ನು ಹಿಡಿದು, ಆಪರೇಷನ್ ಮಾಡಿ, ವಾಪಸ್ ಬಿಡುವಾಗ ಹಾಕುವ ಗುರುತು. ದೊಡ್ಡಬಳ್ಳಾಪುರದಲ್ಲಿ ಎಷ್ಟೋ ನೋಡಿದ್ದೇನೆ. ಆದರೂ ಅಮ್ಮಯಮ್ಮನ ಆಟೋ ಹೊರಡುವಾಗ ಕೇಳಿಯೇ ಬಿಟ್ಟಿದ್ದೆ, "ಆಪರೇಷನ್ ಆಗಿದ್ಯಾ?" ಅಂತ. "ಹೂಂ ಕಣಮ್ಮ, ಹೋದ್ವರ್ಸಾನೇ ಆಯ್ತು" ಅಂದರು. ಅಲ್ಲಿಗೆ ಮುಗಿಯಿತು.

ಆಗಸ್ಟ್ 14, ಗುರುವಾರ

ಗಾರ್ಮೆಂಟ್ಸಿನಲ್ಲಿ ಇಡೀ ದಿನ ನಿಂತು ಕಾಲು ಸೋತಿವೆ. ಮನೆಗೆ ಬಂದರೆ ಜೂಲಿ ಎದ್ದು ಬರಲಿಲ್ಲ. ಮಲಗಿದಲ್ಲಿಂದಲೇ ಬಾಲ ಆಡಿಸಿದಳು.

ಗರ್ಭಕೋಶ ತೆಗೆಸಿದ ಮೇಲೆ ನಾನೂ ಹೀಗೇ ಇದ್ದೆ. ಬಾಚಣಿಗೆ ತುಂಬ ಕೂದಲು. ಸುಸ್ತು. ಕಾರಣವಿಲ್ಲದ ಅಳು. "ಎಲ್ರಿಗೂ ಆಗೋದೇ, ನಿಂದೇನು ದೊಡ್ಡದು" ಅಂದಿದ್ದರು ಅತ್ತಿಗೆ. ಆಮೇಲೆ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಜೂಲಿ ಪಕ್ಕದಲ್ಲಿ ಕೂತೆ. "ನಿಂಗಾದ್ರೂ ನಾನಿದೀನಿ ಕಣೇ" ಅಂದೆ. ನನ್ನ ಪಾಡು ಗೊತ್ತಿರುವ ಜೀವ ಒಂದು ಸಿಕ್ಕಿತಲ್ಲ. ಮನಸ್ಸು ಹಗುರಾಯಿತು, ಸುಳ್ಳೇಕೆ ಹೇಳಲಿ. ಅಡುಗೆ ತಡವಾಯಿತು. ಆಗಲಿ.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ಒಬ್ಬಟ್ಟು ಮೂಸಿಯೂ ನೋಡಲಿಲ್ಲ. ನೀರು ಮಾತ್ರ... ಬೋಗುಣಿ ತುಂಬಿಸಿದಷ್ಟೂ ಖಾಲಿ. ಹೊಟ್ಟೆ ದಪ್ಪಗಾಗಿದೆ.

"ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬರೋಣ ಕಣೇ" ಅಂದರು ಯಜಮಾನರು.

"ಆಪರೇಷನ್ ಆದೋರ್ಗೆ ಮೈ ಬರುತ್ತೆ ರೀ. ನನ್ನ ನೋಡಿದ್ರೆ ಗೊತ್ತಾಗಲ್ವಾ?"

ಸುಮ್ಮನಾದರು. ಈ ಮಾತಿಗೆ ಅವರು ಯಾವಾಗಲೂ ಸುಮ್ಮನಾಗುತ್ತಾರೆ. ಅದು ಗೊತ್ತಿದ್ದೇ ಆಡುತ್ತೇನೆ. ಜೂಲಿ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿದೆ. ಕೈ ತುಂಬ ಕೂದಲು.

ಸೆಪ್ಟೆಂಬರ್ 5, ಶುಕ್ರವಾರ

ಬೆಳಿಗ್ಗೆ ಎದ್ದರೆ ವಾಂತಿ. ನಿಲ್ಲಲಾರಳು. ಕೆಲಸಕ್ಕೆ ರಜೆ ಹಾಕಿ, ಆಟೋದಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ನೆಲಮಂಗಲಕ್ಕೆ. ಡಾಕ್ಟರ್ ಆನಂದ್ ಹೊಟ್ಟೆ ಒತ್ತಿ ನೋಡಿದರು. ಸ್ಕ್ಯಾನ್ ಮಾಡಿದರು.

"ಗರ್ಭಕೋಶದ ತುಂಬ ಕೀವಾಗಿದೆ."

"ಅದೇ ಇಲ್ವಲ್ಲ ಸಾರ್ ಇವಳಿಗೆ. ಆಪರೇಷನ್ ಆಗಿದೆ" ಅಂದೆ. ಕಿವಿ ಎತ್ತಿ ತೋರಿಸಿದೆ. ಪಾಠ ಹೇಳುವವಳ ಹಾಗೆ.

ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. "ಇದೆಯಮ್ಮ. ಇಲ್ಲಿ ನೋಡಿ."

ಇತ್ತು. ಕಪ್ಪಗೆ, ಉಬ್ಬಿಕೊಂಡು.

ಅಲ್ಲಿಂದಲೇ ಅಮ್ಮಯಮ್ಮನಿಗೆ ಫೋನ್ ಮಾಡಿದೆ.

"ಕಿವಿಯಾ? ಮರೀಲಿ ನಾನೇ ಕುಡ್ಗೋಲಲ್ಲಿ ಕುಯ್ದಿದ್ದು ಕಣಮ್ಮ. ಕಿವಿ ಕುಯ್ದ್ರೆ ನಾಯಿ ಜೋರಾಗ್ತದೆ ಅಂತ. ನಮ್ಮ ಕಡೆ ಎಲ್ರೂ ಮಾಡ್ತಾರೆ."

"ಮತ್ತೆ ಆಪರೇಷನ್ ಆಗಿದೆ ಅಂದ್ರಲ್ಲ ಅವತ್ತು?"

"ಅಯ್ಯೋ, ನನ್ ಕಣ್ಣಿಂದು ಕೇಳ್ತಿದೀಯ ಅನ್ಕಂಡೆ! ಜೂಲಿಗೆಲ್ಲಿ ಆಗೈತೆ? ನಾನು ಹೊರಡೋಕೆ ಮುಂಚೆ ತಾನೇ ಬೆದೆಗೆ ಬಂದಿದ್ಲು... ಯಾಕಮ್ಮ, ಏನಾಯ್ತು? ತಾಳು, ಭಾನ್ವಾರ ಬಂದು ನೋಡ್ತೀನಿ."

"ಜೂಲಿಗೆ" ಅಂತ ಒಂದು ಮಾತು ಅವತ್ತು ನಾನು ಸೇರಿಸಿ ಕೇಳಲಿಲ್ಲ. ಅವರೂ ಯಾರಿಗೆ ಅಂತ ಕೇಳಲಿಲ್ಲ. ನಾವು ಮಾತಾಡುವುದೇ ಹೀಗೆ.

ಬೆದೆ ಮುಗಿದ ಮೇಲೆ ಬರುವ ಕಾಯಿಲೆಯಂತೆ. ನೀರು ಕುಡಿದದ್ದು, ಹೊಟ್ಟೆ ಬಂದದ್ದು, ಮೈ ಕಳೆಗುಂದಿದ್ದು — ಎಲ್ಲ ಅದರಿಂದಲೇ. ಕಿಡ್ನಿಗೂ ಏರಿದೆ. ಗರ್ಭಕೋಶ ತೆಗೆಯಲೇಬೇಕು, ಆದರೆ ತಡೆದುಕೊಳ್ಳುತ್ತಾಳೆ ಅಂತ ಹೇಳಲಾರೆ, ಅಂದರು ಡಾಕ್ಟರ್. ಡ್ರಿಪ್ ಹಾಕಿದ್ದಾರೆ. ಸಂಜೆ ಆಪರೇಷನ್. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಇನ್ನೇನೂ ಕೆಲಸವಿಲ್ಲ.

ಸೆಪ್ಟೆಂಬರ್ 6, ಶನಿವಾರ

ಆಪರೇಷನ್ ಟೇಬಲ್ ಮೇಲೇ ಹೋದಳು.

ಡಾಕ್ಟರ್ ಹೊರಗೆ ಬಂದಾಗ ಮುಖ ನೋಡಿಯೇ ತಿಳಿಯಿತು. ಸುಮ್ಮನೆ ಎದ್ದು ಬರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಮುಂಚೆನೇ ಆಪರೇಷನ್ ಆಗಿದ್ದಿದ್ರೆ ಸಾರ್?"

"ಗರ್ಭಕೋಶನೇ ಇರ್ತಿರ್ಲಿಲ್ಲ, ಕೀವೆಲ್ಲಿಂದ ಬರುತ್ತಮ್ಮ? ಕೂದಲು ಸ್ವಲ್ಪ ಒರಟಾಗ್ತಿತ್ತೇನೋ. ಅದೂ ಎಲ್ಲಾ ನಾಯಿಗಳಿಗೂ ಆಗಲ್ಲ."

ಒರಟು ಕೂದಲಿನ ಜೂಲಿ. ದಪ್ಪ ಜೂಲಿ. ಬದುಕಿರುವ ಜೂಲಿ... ನಾನು ಬರೀ ಅಂದುಕೊಂಡಿದ್ದ ಜೂಲಿ.

ಅವಳು ಒಳಗೆ ಕೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಜೊತೆ ಸಿಕ್ಕಿತು ಅಂತ ಸಂತೋಷಪಟ್ಟೆ. ಅವಳ ಮೈ ನೋಡಲೇ ಇಲ್ಲ, ಅದರಲ್ಲಿ ನನ್ನನ್ನೇ ನೋಡಿಕೊಂಡೆ. ಹಬ್ಬದ ದಿನ ಯಜಮಾನರು ಹೇಳಿದಾಗಲೇ ಹೊರಟಿದ್ದರೆ ಉಳಿಯುತ್ತಿದ್ದಳೇನೋ. ಹೊರಡಲಿಲ್ಲ. ನಾನೇ ಕೊಂದೆ.

ಹಿತ್ತಲಲ್ಲಿ ಯಜಮಾನರೇ ಗುಂಡಿ ತೆಗೆದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈದು, ಜಗಳವಾಡಿ, ಅತ್ತು ಹಗುರಾಗುತ್ತಿದ್ದೆ. ಗುದ್ದಲಿ ತೊಳೆದಿಟ್ಟು, "ಕಾಫಿ ಕುಡೀತೀಯಾ?" ಅಂದರು.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ

ಅಮ್ಮಯಮ್ಮನಿಗೆ ಇನ್ನೂ ಹೇಳಿಲ್ಲ. ಎಷ್ಟು ಸಲ ಫೋನ್ ಎತ್ತಿಕೊಂಡೆನೋ. ಹೇಳಿದರೆ ತಾನು ಕಿವಿ ಕುಯ್ದದ್ದಕ್ಕೇ ಹೀಗಾಯಿತು ಅಂತ ಎದೆ ಬಡಿದುಕೊಳ್ಳುತ್ತಾರೆ. ನಿಮ್ಮಿಂದಲ್ಲ, ನನ್ನಿಂದ ಅಂತ ಹೇಳಬೇಕು. ಮುಖ ನೋಡಿಕೊಂಡು ಹೇಗೆ ಹೇಳುವುದು...

ಬೆಳಗಾಗುತ್ತಲೇ ಅವರದೇ ಫೋನ್. "ಬಸ್ ಹತ್ತಿವ್ನಿ ಕಣಮ್ಮ" ಅಂದರು. "ಹೂಂ" ಅಂದೆ. ಈ ವಯಸ್ಸಿನಲ್ಲಿ ಎರಡು ಬಸ್ ಬದಲಾಯಿಸಿ ಬರುತ್ತಿದ್ದಾರೆ, ನನ್ನ ಒಂದು ಹೂಂ ನಂಬಿಕೊಂಡು.

ಗೇಟಿನ ಸದ್ದು. ಯಜಮಾನರು ಸ್ನಾನಕ್ಕೆ ಹೋಗಿದ್ದಾರೆ. ಅಮ್ಮಯಮ್ಮ ಅಂಗಳದಲ್ಲಿ ನಿಂತು ಕೂಗುತ್ತಿದ್ದಾರೆ —

"ಜೂಲೀ... ಎಲ್ಲಿದ್ದೀಯೇ? ಬಾರೇ, ಬನ್ ತಂದಿವ್ನಿ."

ನಾನೇ ಎದ್ದು ಹೋಗಿ ಹೇಳಬೇಕು.