ದ್ಯಾಮವ್ವನ ಕಬಡ್ಡಿ ಮತ್ತು ಏಳು ಗೋಡೆಗಳು

ಗದಗ, ಫೆಬ್ರವರಿ ೩೦, ೨೧೩೧

ಪ್ರೀತಿಯ ದ್ಯಾಮವ್ವ ಅಜ್ಜಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ಕಸ್ತೂರಿಯ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ, ಈಗ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲಕ್ಕೆ ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಮೊಮ್ಮಗ ಫಕೀರಪ್ಪ, ಅಂದರೆ ನಮ್ಮಜ್ಜ, ಮೊನ್ನೆ ತೊಂಬತ್ತು ತುಂಬಿಸಿದರು. ಕಬಡ್ಡಿ ಫೈನಲ್‌ನಲ್ಲಿ ನೀವು ಒಂದೇ ರೇಡಿಗೆ ಆರು ಜನರನ್ನು ಔಟ್ ಮಾಡಿದ ಕಥೆಯನ್ನು ನಿಮ್ಮಿಂದಲೇ ಕೇಳಿದ್ದ ಅವರು ಜೀವನವಿಡೀ ಅದನ್ನು ಹೇಳುತ್ತ ಬಂದರು. ಯಾರೂ ನಂಬಲಿಲ್ಲ. ಮದುವೆಮನೆಗಳಲ್ಲಿ ಅವರಿಗೆ 'ಆರು ಮಂದಿ ಅಜ್ಜ' ಎಂದೇ ಹೆಸರು. ಮೊದಲು ತಾವೂ ನಗುತ್ತಿದ್ದರು, ಇತ್ತೀಚೆಗೆ ನಗುವುದನ್ನು ಬಿಟ್ಟಿದ್ದರು.

ಅದಕ್ಕೇ ಆ ಪಂದ್ಯದ ವಿಡಿಯೋ ಇರುವ ನಿಮ್ಮ ಹಳೇ ಹಾರ್ಡ್ ಡಿಸ್ಕನ್ನು ಟ್ರಂಕಿನಿಂದ ಹೊರತೆಗೆದೆ. ಹಳೆಯ ಯಂತ್ರ ರಿಪೇರಿ ಮಾಡುವ ಪಕ್ಕದ ಮನೆಯ ಶಾಹೀನಕ್ಕ ಒಂದು ತಿಂಗಳು ಕೂತು ಅದು ತಿರುಗುವಂತೆ ಮಾಡಿ, ನಮ್ಮ ಮನೆಜಾಲಕ್ಕೆ ಜೋಡಿಸಿದರು. ಮನೆಜಾಲವೆಂದರೆ ನಿಮ್ಮ ವೈಫೈಯದೇ ವಂಶ. ಈಗ ಟಿವಿ ಇಲ್ಲ. ಪ್ರತಿ ಕೋಣೆಯ ಒಂದು ಗೋಡೆಯೇ ಚಿತ್ರ ತೋರಿಸುತ್ತದೆ, ಅದಕ್ಕೆ ನೋಟಗೋಡೆ ಎನ್ನುತ್ತೇವೆ. ಹುಟ್ಟುಹಬ್ಬದ ಮಧ್ಯಾಹ್ನ ಗಿರಮಿಟ್ ತಟ್ಟೆ ಹಿಡಿದು ಎಲ್ಲರೂ ತಂತಮ್ಮ ಕೋಣೆ ಸೇರಿದರು, ಬೇಕಾದಲ್ಲಿಂದ ಪಂದ್ಯ ಹಚ್ಚಿದರು. ಏಳು ಗೋಡೆಗಳ ಮೇಲೆ ಏಳು ಬೇರೆ ಬೇರೆ ಗಳಿಗೆ. ಅಜ್ಜನ ಗೋಡೆಯ ಮೇಲೆ ನೀವು ಎದುರಾಳಿಗಳ ಅಂಕಣ ಹೊಕ್ಕಿರಿ, ಒಬ್ಬಳು ನಿಮ್ಮ ಕಾಲು ಹಿಡಿದಳು, ಚಿತ್ರ ನಿಂತೇಹೋಯಿತು. ಜಾಲ ನಿಧಾನವೆಂದು ಚಿಕ್ಕಪ್ಪ ಬೈದರು. ಅಜ್ಜ ತಟ್ಟೆ ಕೆಳಗಿಟ್ಟರು.

ಶಾಹೀನಕ್ಕ ಡಿಸ್ಕಿಗೆ ಕಿವಿಗೊಟ್ಟು ಹೇಳಿದರು: "ಜಾಲ ಚೊಲೋ ಐತಿ. ಇದರಾಗ ಓದೂ ಮುಳ್ಳು ಒಂದ ಐತಿ, ಏಳು ಕಡೆ ಓಡ್ಯಾಡಿ ದಣದೈತಿ. ಎಲ್ಲಾರೂ ಒಂದ ಖೋಲ್ಯಾಗ ಕುಂದರ್ರಿ."

ಹತ್ತೊಂಬತ್ತು ಜನ ಅಜ್ಜನ ಕೋಣೆಯಲ್ಲಿ ಒತ್ತಿಕೊಂಡು ಕೂತೆವು. ಒಂದೇ ಗೋಡೆ ಬೆಳಗಿತು. ಈ ಸಲ ಚಿತ್ರ ಎಲ್ಲೂ ತಡೆಯಲಿಲ್ಲ. ಮೇಲೆ ಬಿದ್ದವರನ್ನೂ ಎಳೆದುಕೊಂಡು ನೀವು ತೆವಳಿ ನಡುಗೆರೆ ಮುಟ್ಟಿದಿರಿ. ಚಿಕ್ಕಪ್ಪ ಎಣಿಸಿ, ನಾಲ್ಕೇ ಜನ ಎಂದರು.

ಅಜ್ಜ ಕೋಲೆತ್ತಿ ಗೋಡೆಯ ಅಂಚು ತೋರಿಸಿದರು. "ಆ ಇಬ್ರು ನಮ್ಮಜ್ಜಿಗೆ ಹೆದರಿ ಗೆರಿ ದಾಟಿ ಹೊರಗ ಹೋಗ್ಯಾರ. ಅವರೂ ಔಟ. ಈಗ ಎಣಸು."

ಆರು. ಚಿಕ್ಕಪ್ಪ ಅಜ್ಜನ ಕಾಲು ಮುಟ್ಟಿದರು. ಅಜ್ಜ ಎಷ್ಟು ನಕ್ಕರೆಂದರೆ ಅವರಿಗೆ ನೀರು ಕುಡಿಸಬೇಕಾಯಿತು.

ಒಂದು ಕೋರಿಕೆ ಇದೆ. ಪಂದ್ಯ ಮುಗಿದ ಕೂಡಲೇ ಒಬ್ಬ ಹೆಂಗಸು ಓಡಿಬಂದು ನಿಮ್ಮನ್ನು ಎತ್ತಿಕೊಂಡು ಕುಣಿಯುತ್ತಾರೆ. ಅವರ ಮುಖ ಥೇಟ್ ನನ್ನದೇ. ಅವರು ಯಾರೆಂದು ಅಜ್ಜನಿಗೂ ಗೊತ್ತಿಲ್ಲ. ಅವರ ಹೆಸರನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಬೆನ್ನಿಗೆ ಅಂಟಿಸಿಡಿ. ನಿಮ್ಮ ಕಾಲದಲ್ಲಿ ಅಂಟಿಸಿದ್ದು ಇಲ್ಲಿರುವ ಇದೇ ಡಿಸ್ಕಿನ ಮೇಲೆ ಇರಲೇಬೇಕಲ್ಲ, ನಾಳೆ ಬೆಳಿಗ್ಗೆ ಎದ್ದು ನೋಡುತ್ತೇನೆ.

ನಿಮ್ಮ
ಕಸ್ತೂರಿ