ಹನ್ನೆರಡನೇ ಕುರ್ಚಿ ಮತ್ತು ಭಾಗ್ಯಜ್ಜಿಯ ನೆವ

ಕಾರ್ವರ್ಟನ್ ಕೌಂಟಿ ಕೋರ್ಟು,
ಫೆಬ್ರವರಿ 30, 2149, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಪೂಜ್ಯ ಭಾಗ್ಯಜ್ಜಿಯವರಿಗೆ ಮಂದಾಕಿನಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನ ಇಲ್ಲ ಅನ್ನೋದು ನನಗೂ ಗೊತ್ತು. ನಮ್ಮ ಕಾಲದಲ್ಲಿ ಆಗಸ್ಟಿನ ಬಿಸಿಲು ತಡೆಯೋಕಾಗದೆ ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ನನ್ನ ಕನ್ನಡ ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಅದನ್ನ ಕಲಿತದ್ದು ಅಡುಗೆಮನೆಯಲ್ಲಿ, ಹಾಗಾಗಿ ಬೈಯೋಕೆ, ಮುದ್ದು ಮಾಡೋಕೆ ಸಲೀಸಾಗಿ ಬರುತ್ತೆ. ಕಾನೂನಿನ ಮಾತಿಗೆ ಮಾತ್ರ ತಡವರಿಸುತ್ತೆ. ಇತ್ತ ಕಡೆ ಎಲ್ಲ ಕ್ಷೇಮ ಅಂತ ಶುರು ಮಾಡೋದು ನಮ್ಮ ಮನೆಯ ವಾಡಿಕೆ. ಕ್ಷೇಮ ಇಲ್ಲ ಅಜ್ಜಿ, ಅದಕ್ಕೇ ಬರೀತಿದ್ದೀನಿ.

ನಿಮಗೀಗ ಮೂವತ್ನಾಲ್ಕು ವರ್ಷ, ನನಗೆ ಐವತ್ತೊಂದು. ಆದರೂ ನಾನು ನಿಮ್ಮನ್ನ ಅಜ್ಜಿ ಅಂತಲೇ ಕರೀಬೇಕು. ನಿಮ್ಮ ಸೊಂಟದ ಮೇಲೆ ಕೂತು ಕೂದಲು ಎಳೀತಿರೋ ಆ ನಾಲ್ಕು ವರ್ಷದ ಮಗು ಇದೆಯಲ್ಲ, ಅದು ನನ್ನ ಮುತ್ತಜ್ಜಿ. ದಾವಣಗೆರೆಯಿಂದ ಕಡಲು ದಾಟಿ ಬಂದು ಈ ಕಾರ್ವರ್ಟನ್ನಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸಕ್ಕೆ ಸೇರಿದವರು ನೀವು. ನಾವ್ಯಾರೂ ಈ ಊರು ಬಿಟ್ಟಿಲ್ಲ. ನೀವು ಬೆಳಿಗ್ಗೆ ಹತ್ತುತ್ತಿದ್ದ ಬಸ್ಸಿನ ಹಾದಿಯಲ್ಲೇ ಈಗ ನಮ್ಮ ನೆರಳು ಬಸ್ಸು ಓಡುತ್ತೆ. ನೆರಳು ಬಸ್ಸು ಅಂದರೆ ರಸ್ತೆಗೆ ಅಡ್ಡಲಾಗಿ ಕಟ್ಟಿದ ದಪ್ಪ ಬಟ್ಟೆಯ ಕೆಳಗೇ ಓಡೋ ಬಸ್ಸು. ಫೆಬ್ರವರಿಯಲ್ಲೂ ಹನ್ನೊಂದರ ಮೇಲೆ ಬಟ್ಟೆ ಇಲ್ಲದ ರಸ್ತೆಗೆ ಇಳಿಯೋ ಹಾಗಿಲ್ಲ, ಹಾಗಾಗಿ ಶಾಲೆ, ಅಂಗಡಿ, ಕೋರ್ಟು ಎಲ್ಲ ಬೆಳಬೆಳಿಗ್ಗೆಯೇ ಮುಗಿಯಬೇಕು. ಆ ಬಟ್ಟೆ ಕಟ್ಟೋರಿಗೆ ನೆರಳುಗಾರರು ಅಂತೀವಿ. ನನ್ನ ತಮ್ಮ ನಿರಂಜನ ಅಂಥವನೊಬ್ಬ. ಏಣಿ ಹತ್ತಿದರೆ ಇಳಿಯೋಕೆ ಮನಸ್ಸೇ ಬಾರದು ಅವನಿಗೆ.

ಅವನ ಮೇಲೆ ಬೆಂಕಿ ಇಟ್ಟ ಆರೋಪ ಇದೆ. ಹೋದ ಸೆಪ್ಟೆಂಬರಿನಲ್ಲಿ ನೆರಳು ಬಟ್ಟೆಯ ಗೋದಾಮು ಸುಟ್ಟುಹೋಯಿತು, ಕಾವಲುಗಾರನ ಎರಡೂ ಕೈ ಬೆಂದವು. ನಿರಂಜನನ ಏಣಿ ಅಲ್ಲಿ ಸಿಕ್ಕಿತು. ಹಿಂದಿನ ವಾರವಷ್ಟೇ ಅವನು ಮೇಸ್ತ್ರಿ ಜೊತೆ ಜಗಳ ಆಡಿದ್ದ. ಬೆಂಕಿ ಹತ್ತಿದ ಹೊತ್ತಿಗೆ ಅವನು ನನ್ನ ಅಡುಗೆಮನೆಯಲ್ಲಿ ಕೂತು ಮೂರನೇ ಸಲ ಸಾರು ಬಡಿಸಿಕೊಳ್ತಿದ್ದ. ಇದನ್ನ ನಾನು ನೂರು ಸಲ ಹೇಳಿದ್ದೀನಿ, ಆದರೆ ನಾನು ಅಕ್ಕ. ಅಕ್ಕನ ಮಾತಿಗೆ ಏನು ಬೆಲೆ?

ಬೆಲೆ ಇರೋದು ಒಂದೇ ಕಡೆ. ನಿಮ್ಮ ಕಾಲದ ಈ ದೇಶದ ಕಾನೂನಿನಲ್ಲಿ ಒಂದು ದೊಡ್ಡ ಮಾತಿದೆ, ನಮ್ಮದರಲ್ಲೂ ಅದನ್ನ ಅಳಿಸಿಲ್ಲ. ಆರೋಪ ಹೊತ್ತವನು ತಾನು ತಪ್ಪು ಮಾಡಿಲ್ಲ ಅಂತ ತೋರಿಸಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡು ಕೂತರೂ ನಡೆಯುತ್ತೆ. ಮಾಡಿದ್ದಾನೆ ಅಂತ ಸರ್ಕಾರವೇ ತೋರಿಸಬೇಕು, ಅದೂ ಊರಿನ ಹನ್ನೆರಡು ಮಾಮೂಲಿ ಜನರ ಮುಂದೆ. ಅಷ್ಟೂ ಜನ ಹೌದು ಅನ್ನಬೇಕು. ಒಬ್ಬರಿಗೆ ನ್ಯಾಯವಾದ ಅನುಮಾನ ಉಳಿದು, ಅವರು ಒಪ್ಪಲ್ಲ ಅಂದರೂ ಅವನನ್ನ ಅಪರಾಧಿ ಅನ್ನೋ ಹಾಗಿಲ್ಲ. ಆ ಹನ್ನೆರಡು ಜನ ನನ್ನ ಮುಖ ನೋಡಿ, ಇವಳು ಸುಳ್ಳು ಹೇಳೋಳಲ್ಲ ಅಂತ ನಂಬಬಹುದು. ಒಬ್ಬರು ನಂಬಿದರೂ ಸಾಕು.

ಆದರೆ ಜನ ಬರೋದಿಲ್ಲ ಅಜ್ಜಿ. ಇಲ್ಲೇ ನಿಮ್ಮ ಕಥೆ ಶುರು ಆಗೋದು. ಕೋಪ ಮಾಡ್ಕೋಬೇಡಿ, ನಾನೂ ಮಾಡ್ಕೊಳ್ಳಲ್ಲ.

ಬರೋ ತಿಂಗಳು ನಿಮ್ಮ ಟಪಾಲು ಡಬ್ಬಿಗೆ ಜ್ಯೂರಿಗೆ, ಅಂದರೆ ಅಂಥ ಹನ್ನೆರಡು ಜನರಲ್ಲಿ ಒಬ್ಬರಾಗೋಕೆ, ಬನ್ನಿ ಅನ್ನೋ ಸಮನ್ಸ್ ಬರುತ್ತೆ. ಪೌರತ್ವದ ಪ್ರಮಾಣ ಮಾಡಿ ನಿಮಗೆ ಎಂಟು ತಿಂಗಳಾಗಿರುತ್ತೆ. ಮಗುವಿಗೆ ಜ್ವರ, ಆಸ್ಪತ್ರೆಯಲ್ಲಿ ರಜೆ ಕೇಳಿದರೆ ಮೇಲಿನವರ ಮುಖ ಊದುತ್ತೆ, ಯಾವನೋ ಕಾರು ಕದ್ದರೆ ನನಗೇನು ಅನ್ನಿಸುತ್ತೆ. ಆಗ ನೀವು ಕೂತು ಒಂದು ಕಾಗದ ಬರೀತೀರಿ: ಕ್ಷಮಿಸಿ, ನನಗೆ ಇಂಗ್ಲಿಷ್ ಸರಿಯಾಗಿ ಅರ್ಥವಾಗುವುದಿಲ್ಲ ಅಂತ. ಅದನ್ನ ಒಂದೇ ಒಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೀತೀರಿ! ಅದರ ನಕಲು ನಮ್ಮ ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಕೋರ್ಟಿನವರು ಬಿಟ್ಟುಬಿಡ್ತಾರೆ. ನಿಮ್ಮ ಜಾಗಕ್ಕೆ ಬೇರೆಯವರು ಸಿಗ್ತಾರೆ, ಅಂದಿನ ಮಟ್ಟಿಗೆ ಯಾರಿಗೂ ಏನೂ ಆಗಲ್ಲ. ನಾನು ಹಳೇ ದಫ್ತರ ತೆಗೆದು ನೋಡಿದ್ದೀನಿ.

ಆದರೆ ಅದು ನಮ್ಮ ಮನೆಯ ನಗೆಯಾಯಿತು. ಸಮನ್ಸ್ ಬಂದಾಗಲೆಲ್ಲ ಹಬ್ಬದ ಊಟದಲ್ಲಿ ಯಾರೋ ಒಬ್ಬರು, ಭಾಗ್ಯಜ್ಜಿ ನೆವ ಹೇಳಿಬಿಡು ಮಾರಾಯ್ತಿ, ಅನ್ನೋರು. ಎಲ್ಲರೂ ಬಿದ್ದು ಬಿದ್ದು ನಗೋರು. ನನ್ನ ಮುತ್ತಜ್ಜಿ ಹೇಳಿದರು, ಅಜ್ಜಿ ಹೇಳಿದರು, ಕನ್ನಡಕ್ಕಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಿದ್ದ ನಮ್ಮಮ್ಮನೂ ಹೇಳಿದಳು. ಬೇರೆ ಮನೆಗಳಿಗೂ ಅವರವರ ನೆವ ಇದ್ದವು. ಬೆನ್ನು ನೋವು, ಬಾಣಂತನ, ನಾಯಿಗೆ ಆಪರೇಷನ್.

ನಾನು ಏನು ಕೆಲಸ ಮಾಡ್ತೀನಿ ಗೊತ್ತಾ? ಇದೇ ಕೋರ್ಟಿನ ನೆವದ ಕಿಟಕಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ಜನ ಬಂದು ತಮ್ಮ ಕಾರಣ ಹೇಳ್ತಾರೆ, ನಾನು ಮುದ್ರೆ ಒತ್ತಿ ಕಳಿಸ್ತೀನಿ. ಈಗ ಭಾಷೆ ಬರದಿದ್ದರೂ ಬಿಡೋ ನಿಯಮ ಇಲ್ಲ. ಕೋರ್ಟೇ ಕಿವಿಗೆ ಸಿಕ್ಕಿಸೋ ಒಂದು ಗುಂಡಿ ಕೊಡುತ್ತೆ, ಅದು ಯಾವ ಭಾಷೆಗೆ ಬೇಕಾದರೂ ತಿರುಗಿಸಿ ಹೇಳುತ್ತೆ. ಆದರೂ ಯಾರಾದರೂ ಇಂಗ್ಲಿಷ್ ಬರಲ್ಲ ಅಂದರೆ ನನಗೆ ನಿಮ್ಮ ನೆನಪಾಗಿ ನಗು ಬಂದು ಮುದ್ರೆ ಒತ್ತಿಬಿಡ್ತಿದ್ದೆ. ಪಾಪ, ಹೋಗಲಿ ಬಿಡು ಅಂತ. ಕಿಟಕಿಯ ಆಚೆ ನನಗೆ ಒಳ್ಳೇ ಹೆಸರು, ಮಂದಾ ಅಕ್ಕ ಇದ್ದರೆ ಕೆಲಸ ಆಯ್ತು ಅನ್ನೋರು. ಅದಕ್ಕೆ ನಾನು ಹಿಗ್ಗಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಹೀಗೇ ಆಗಿ ಆಗಿ ಇಪ್ಪತ್ತು ವರ್ಷದ ಹಿಂದೆ ಖಾಲಿ ಕುರ್ಚಿ ಕಾಯ್ದೆ ಬಂತು. ಮೂರು ಸಲ ಕರೆದರೂ ಹನ್ನೆರಡು ಕುರ್ಚಿ ತುಂಬದಿದ್ದರೆ ಆರೋಪಿ ಜ್ಯೂರಿ ಬೇಡ ಅಂದ ಹಾಗೆ ಲೆಕ್ಕ. ಆಮೇಲೆ ಅವನ ಕೇಸು ಅಂದಾಜಿಗೆ ಹೋಗುತ್ತೆ. ಅಂದಾಜು ಅಂದರೆ ಒಂದು ಯಂತ್ರ. ಸಾಕ್ಷಿಗಳನ್ನೆಲ್ಲ ನುಂಗಿ, ಇವನು ಮಾಡಿರೋ ಸಾಧ್ಯತೆ ನೂರಕ್ಕೆ ಇಷ್ಟು ಅಂತ ಒಂದು ಅಂಕಿ ಉಗುಳುತ್ತೆ. ಎಪ್ಪತ್ತೈದು ದಾಟಿದರೆ ಜೈಲು. ನಿರಂಜನನದು ಎಪ್ಪತ್ತೆಂಟು ಅಂತ ಮೊದಲೇ ತೋರಿಸಿದ್ದಾರೆ, ಅದರಲ್ಲಿ ಅಕ್ಕನ ಸಾಕ್ಷಿಗೆ ಒಂದೂವರೆ ಅಂಕ ಕಳೆದಿದೆಯಂತೆ. ಅಲ್ಲಿಗೆ ಹೋದರೆ ಇಪ್ಪತ್ತೆರಡು ವರ್ಷ. ಅದಕ್ಕೂ ಮುಂಚೆ, ಮೂರನೇ ಕರೆಯ ಬಾಗಿಲು ಮುಚ್ಚೋದರೊಳಗೆ, ಇಳಿಕೆ ಪತ್ರಕ್ಕೆ ಸಹಿ ಹಾಕಿ ತಪ್ಪು ಒಪ್ಪಿಕೊಂಡರೆ ನಾಲ್ಕೇ ವರ್ಷ. ನಿಮ್ಮ ಕಾಲದಲ್ಲೂ ಇಂಥ ಒಪ್ಪಂದದಲ್ಲೇ ಹೆಚ್ಚು ಕೇಸು ಮುಗೀತಿದ್ದವಂತೆ. ನಮ್ಮಲ್ಲಿ ಎಲ್ಲವೂ ಹಾಗೇ ಮುಗಿಯುತ್ತೆ.

ಮೊದಲ ಕರೆಗೆ ಒಂಬತ್ತು ಜನ ಬಂದರು. ಎರಡನೇದಕ್ಕೆ ಹನ್ನೊಂದು. ಆ ಹನ್ನೆರಡನೆಯವರು ಯಾಕೆ ಬರಲಿಲ್ಲ ಅಂತ ಪಟ್ಟಿ ತೆಗೆದು ನೋಡಿದೆ. ಹೊರೇಶಿಯೊ ಅಂತ ಒಬ್ಬ ಮುದುಕ, ಆಗಸ್ಟಿನಲ್ಲೇ ವರ್ಷವಿಡೀ ವಿನಾಯಿತಿ ಪಡೆದಿದ್ದ. ಕಾರಣ, ಮೊಮ್ಮಗಳ ಮದುವೆ ಇದೆ ಅಂತ. ಒಂದು ಮದುವೆಗೆ ಒಂದು ವರ್ಷದ ವಿನಾಯಿತಿ! ಕೆಳಗೆ ನನ್ನ ಮುದ್ರೆ. ನಿರಂಜನನನ್ನ ಹಿಡಿಯೋದಕ್ಕೆ ಐದು ವಾರ ಮುಂಚೆ ನಾನೇ ಒತ್ತಿದ್ದು. ಆ ಹಾಳೆ ಹಿಡಿದುಕೊಂಡು ದಫ್ತರದ ಕೋಣೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ.

ಇವತ್ತು ಮೂರನೇ ಕರೆ. ಎಂಟಕ್ಕೆ ಬಾಗಿಲು ಹಾಕ್ತಾರೆ. ಒಳಗೆ ಬರೆಯೋಕೆ ಪೆನ್ಸಿಲ್ ಬಿಟ್ಟು ಬೇರೇನೂ ತರೋ ಹಾಗಿಲ್ಲ, ಹಾಗಾಗಿ ಪೆನ್ಸಿಲ್ಲಿನಲ್ಲೇ ಬರೀತಿದ್ದೀನಿ. ಎದುರಿಗೆ ಹನ್ನೆರಡು ಮರದ ಕುರ್ಚಿ, ನಿಮ್ಮ ಕಾಲದವೇ. ಈಗ ಏಳೂ ಇಪ್ಪತ್ತು, ಆರು ಜನ ಕೂತಿದ್ದಾರೆ. ಒಬ್ಬಳು ಹೆಣಿಗೆ ತಂದಿದ್ದಾಳೆ. ನಿರಂಜನ ಬಿಳಿ ಅಂಗಿ ಹಾಕ್ಕೊಂಡಿದ್ದಾನೆ, ನಾನೇ ಇಸ್ತ್ರಿ ಮಾಡಿ ಕಳಿಸಿದ್ದು. ಪಕ್ಕದಲ್ಲಿ ಸರ್ಕಾರ ಕೊಟ್ಟ ವಕೀಲೆ ಡೆಲೋರಿಸ್ ಪೈಕ್. ಒಳ್ಳೆಯವಳು, ಆದರೆ ನೂರ ನಲವತ್ತು ಕಕ್ಷಿದಾರರು ಅವಳಿಗೆ. ನಿನ್ನೆ ಅವನನ್ನ ಎರಡು ಸಲ ನಿಕೋಲಸ್ ಅಂತ ಕರೆದಳು. ಅವರ ಮೇಜಿನ ಮೇಲೆ ಇಳಿಕೆ ಪತ್ರ ಬಿದ್ದಿದೆ. ಮಾಡದೇ ಇದ್ದದ್ದನ್ನ ಮಾಡಿದೆ ಅಂತ ಹೇಗೆ ಬರಕೊಡಲಿ ಅಕ್ಕಾ, ಅಂತ ಐದು ತಿಂಗಳಿಂದ ಅವನು ಅದನ್ನ ಮುಟ್ಟಿಲ್ಲ.

ಏಳೂ ಮೂವತ್ತೈದು. ಒಂಬತ್ತು.

ಏಳೂ ನಲವತ್ತೆರಡು. ಹನ್ನೊಂದು! ಅಕ್ಷರ ನೆಟ್ಟಗೆ ಬರ್ತಿಲ್ಲ, ಕ್ಷಮಿಸಿ.

ಏಳೂ ಐವತ್ತು. ಹನ್ನೊಂದೇ. ಪಟ್ಟಿಯಲ್ಲಿ ಉಳಿದಿರೋ ಹೆಸರು ಒಂದೇ, ರೊಸಾಲ್ಬಾ ಅಂತ, ನದಿಯಾಚೆಯ ಬಟ್ಟೆ ಒಗೆಯೋ ಕಾರ್ಖಾನೆಯವಳು. ಪಕ್ಕದಲ್ಲಿ ಕಿಟಕಿಯವರ ಟಿಪ್ಪಣಿ, ಇಂಗ್ಲಿಷ್ ಕಡಿಮೆ ಅಂತ. ಅಯ್ಯೋ, ಇಂಥವರು ಬರಲ್ಲ. ಇಪ್ಪತ್ತಾರು ವರ್ಷ ನೋಡಿದ್ದೀನಿ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಿರಂಜನ ತಿರುಗಿ ನನ್ನನ್ನೇ ನೋಡ್ತಿದ್ದಾನೆ.

ಪೆನ್ಸಿಲ್ ಕೆಳಗಿಟ್ಟಿದ್ದೆ ಅಜ್ಜಿ. ಈಗ ಒಂಬತ್ತೂವರೆ. ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಅವನು ನೋಡಿದ. ಏಳೂ ಐವತ್ತೈದು ಆಗಿತ್ತು. ಅವನ ಕಣ್ಣು ಕೇಳ್ತಿತ್ತು, ಏನು ಮಾಡಲಿ ಹೇಳು ಅಂತ. ಚಿಕ್ಕಂದಿನಿಂದಲೂ ಹಾಗೇ, ಏನಿದ್ದರೂ ನನ್ನ ಮುಖ ನೋಡೋನು. ನಾನು ಬಾಗಿಲು ನೋಡಿದೆ. ಕಾವಲಿನವನು ಆಗಲೇ ಚಿಲಕಕ್ಕೆ ಕೈ ಹಾಕಿದ್ದ. ಇಪ್ಪತ್ತೆರಡು ವರ್ಷ ಅಂದರೆ ನನಗೆ ಎಪ್ಪತ್ತಮೂರು, ಬದುಕಿರ್ತೀನೋ ಇಲ್ಲವೋ. ನಾನು ತಲೆ ಆಡಿಸಿದೆ. ಹಾಕು ಅಂತ.

ಅವನು ಸಹಿ ಹಾಕಿದ. ಪೈಕ್ ಅದನ್ನ ಮೇಲೆ ಕೊಟ್ಟಳು. ನ್ಯಾಯಾಧೀಶರು ವಾಡಿಕೆಯ ಪ್ರಶ್ನೆ ಕೇಳಿದರು, ಯಾರ ಬಲವಂತವೂ ಇಲ್ಲ ತಾನೇ ಅಂತ. ಇಲ್ಲ ಅಂದ. ಬರೀ ಒಪ್ಪಿದರೆ ಸಾಲದು, ಹೇಗೆ ಮಾಡಿದೆ ಅಂತ ಬಾಯಿಬಿಟ್ಟು ಹೇಳಬೇಕು, ಅದು ನಿಯಮ. ನನ್ನ ತಮ್ಮ ನೆಲ ನೋಡಿಕೊಂಡು ತಾನು ಮಾಡದ ಕೆಲಸದ ಕಥೆ ಕಟ್ಟಿದ. ಹಿಂದಿನ ಬಾಗಿಲಿನಿಂದ ಹೋದೆ ಅಂದ. ಆ ಗೋದಾಮಿಗೆ ಹಿಂದಿನ ಬಾಗಿಲೇ ಇಲ್ಲ. ಪೈಕ್ ಕಿವಿಯಲ್ಲಿ ಏನೋ ಹೇಳಿದಳು, ಕಿಟಕಿಯಿಂದ ಅಂತ ತಿದ್ದಿಕೊಂಡ. ನ್ಯಾಯಾಧೀಶರು ಬರಕೊಂಡು, ಅಂಗೀಕರಿಸಿದ್ದೇನೆ ಅಂದರು. ಗೋಡೆಯ ಗಡಿಯಾರದಲ್ಲಿ ಏಳೂ ಐವತ್ತೆಂಟು.

ಆಗ ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಮೈಯೆಲ್ಲ ಬೆವರು, ಕೈಯಲ್ಲಿ ಮಡಿಸಿದ ಸಮನ್ಸ್, ಒಂದು ಚಪ್ಪಲಿ ಕಿತ್ತುಹೋಗಿತ್ತು. ಎರಡು ಬಸ್ಸು ಬದಲಿಸಿ ಬಂದೆ ಅಂತ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಇಂಗ್ಲಿಷ್ ಕಮ್ಮಿ, ಆದರೂ ಬಂದಿದ್ದೀನಿ, ಅಂದಳು. ಅವಳು ಖಾಲಿ ಇದ್ದ ಕುರ್ಚಿ ನೋಡಿ, ತನ್ನದೇ ಇರಬೇಕು ಅಂತ ಹೋಗಿ ಕೂತಳು. ಸೆರಗಿನಂಥದ್ದೊಂದು ಬಟ್ಟೆಯಿಂದ ಮುಖ ಒರೆಸಿಕೊಂಡು, ಎಲ್ಲರ ಮುಖ ನೋಡಿ, ನಾನು ತಡವಾ ಅಂತ ಕೇಳಿದಳು.

ಪೈಕ್ ಎದ್ದು ನಿಂತು ಕೂಗಾಡಿದಳು, ಪತ್ರ ವಾಪಸ್ ಕೊಡಿ ಅಂತ. ಆ ಹೊತ್ತಿಗೆ ಅವಳಿಗೆ ಅವನ ಹೆಸರು ಸರಿಯಾಗಿ ನೆನಪಿತ್ತು. ಅಂಗೀಕರಿಸಿ ಆಗಿದೆ ಅಂದರು ನ್ಯಾಯಾಧೀಶರು. ಅವರ ದನಿಯೂ ಚಿಕ್ಕದಾಗಿತ್ತು. ನಿರಂಜನನನ್ನ ಕರ್ಕೊಂಡು ಹೋಗುವಾಗ ಅವನು ನನ್ನ ಕಡೆ ತಿರುಗಿ, ನಿಂದೇನೂ ತಪ್ಪಿಲ್ಲ ಅಕ್ಕಾ, ಅಂದ. ಅದೊಂದು ಮಾತು ಹೇಳಬಾರದಿತ್ತು ಅವನು.

ಅಜ್ಜಿ, ನಿಮ್ಮ ಮೇಲೆ ಭಾರ ಹೊರಿಸ್ತಿಲ್ಲ. ತಲೆ ಆಡಿಸಿದವಳು ನಾನು, ಮುದ್ರೆ ಒತ್ತಿದವಳೂ ನಾನು. ಬರೋರೂ ಇರ್ತಾರೆ ಅನ್ನೋದನ್ನೇ ಮರೆತವಳು ನಾನು. ಈ ಕಾಗದ ನಿಮಗೆ ತಲುಪಿದರೂ ನಿರಂಜನ ಮನೆಗೆ ಬರ್ತಾನೋ ಇಲ್ಲವೋ ನನಗೆ ತಿಳಿಯದು. ಆದರೂ ಕೈಮುಗಿದು ಒಂದು ಕೇಳ್ತೀನಿ. ಡಬ್ಬಿಗೆ ಆ ಸಮನ್ಸ್ ಬಂದಾಗ ಹೋಗಿ. ಮಗುವನ್ನ ಪಕ್ಕದ ಮನೆಯವರ ಹತ್ತಿರ ಬಿಡಿ, ಅದೇನೂ ಸಾಯಲ್ಲ, ನೂರು ವರ್ಷ ಬದುಕಿ ನನಗೆ ಚಕ್ಕುಲಿ ಒತ್ತೋದು ಕಲಿಸುತ್ತೆ. ಮೇಲಿನವರ ಮುಖ ಊದಿದರೆ ಊದಲಿ. ಆ ಮೂಲೆಯಲ್ಲಿ ಕೂತಿರೋ ಹುಡುಗ ಕಾರು ಕದ್ದಿರಲೂಬಹುದು, ಕದ್ದಿಲ್ಲದೇ ಇರಲೂಬಹುದು. ಅವನ ಕಡೆ ನೋಡಿ, ಅವನ ಅಕ್ಕನ ಮಾತು ಕೇಳಿ.

ರೊಸಾಲ್ಬಾ ಇನ್ನೂ ಹೋಗಿಲ್ಲ. ವಾಪಸ್ ಬಸ್ಸು ಹತ್ತು ಗಂಟೆಗಂತೆ. ಉಳಿದ ಹನ್ನೊಂದು ಕುರ್ಚಿ ಖಾಲಿಯಾದವು, ಅವಳೊಬ್ಬಳೇ ಕೂತು ಚಪ್ಪಲಿಗೆ ಪಿನ್ನು ಹಾಕ್ತಿದ್ದಾಳೆ. ನಾನೀಗ ಎದ್ದು ಹೋಗಿ ಅವಳಿಗೆ, ನೀನು ತಡವಾಗಿ ಬರಲಿಲ್ಲ ತಾಯಿ, ಅಂತ ಹೇಳಬೇಕು. ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ.

ನಿಮ್ಮ ಮರಿಮೊಮ್ಮಗಳ ಮಗಳು,
ಮಂದಾಕಿನಿ