ಹಿತ್ತಲಿಗೆ ಇಟ್ಟಿಗೆಯ ಒಲೆಯೇ ಇರಲಿ

ಸ್ವರ್ಣ,

ಕುಣಿಗಲ್ ಬಸ್ಸಿಗೆ ಹೊರಟೆ. ನೀನು ಮಲಗಿದ್ದೆ, ಎಬ್ಬಿಸಲು ಮನಸ್ಸು ಬರಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ.

ಗಾರೆ ಕೆಲಸದ ಬೀರಯ್ಯ ಬಂದರೆ, ಚಳಿ ಕಾಯಿಸುವ ಒಲೆಯನ್ನು ಹಿತ್ತಲಿನ ಕಾಂಪೌಂಡಿನ ಪಕ್ಕದಲ್ಲೇ ಇಟ್ಟಿಗೆಯಲ್ಲಿ ಕಟ್ಟಲು ಹೇಳು. ಹೊಗೆ ಬಾರದ ಕಬ್ಬಿಣದ ಅಗ್ಗಿಷ್ಟಿಕೆಯೇ ಆಗಬೇಕೆಂದು ನಿನ್ನ ಗಂಡ ಹಟ ಹಿಡಿದಿದ್ದಾನೆ. ಬೇಡ. ನನಗೆ ಹೊಗೆಯೇ ಬೇಕು.

ಗೀಸರ್ ಬರುವ ಮುಂಚೆ, ನಮ್ಮ ಹಂಡೆ ಒಲೆಯ ಹೊಗೆ ಕಂಡ ಕೂಡಲೇ ಪಕ್ಕದ ಮನೆಯ ಸಿದ್ದಲಕ್ಷ್ಮಮ್ಮ ಬಂದುಬಿಡುತ್ತಿದ್ದರು. "ಏನ್ ಮೇಡಮ್ಮೋರೆ, ಬಿ.ಎ. ಓದಿದ್ರೂ ಒಲೆ ಊದಕ್ಕೆ ಬರಲ್ವಾ? ಸರ್ಕೊಳ್ಳಿ ಅತ್ಲಾಗೆ" ಎಂದು ಊದುಗೊಳವೆ ಕಿತ್ತುಕೊಳ್ಳುತ್ತಿದ್ದರು. ನನಗೆ ಕೆಮ್ಮು ಬಂದೀತೆಂದು, ಹೊಗೆ ಬೀಸುವ ಕಡೆ ಸದಾ ತಾವೇ ಕೂರುತ್ತಿದ್ದರು.

ತಮ್ಮ ಯಜಮಾನರು ತೀರಿಹೋದಮೇಲೆ ಅವರು ಮನೆಯಿಂದ ಆಚೆಗೇ ಬರುತ್ತಿಲ್ಲ. ಎಷ್ಟು ಕರೆದರೂ "ಸುಮ್‌ಸುಮ್ನೆ ಯಾಕ್ ಬರ್ಲಿ, ಬುಡಿ" ಅನ್ನುತ್ತಾರೆ. ಬೆಂಕಿ ಕಂಡು ಬಂದು ಕೂರುವುದಕ್ಕೆ ಬೇರೆ ನೆಪ ಬೇಕಿಲ್ಲವಲ್ಲ.

ಒಗೆದ ಬಟ್ಟೆಗೆ ಮಸಿ ಹತ್ತುತ್ತದೆಂದು ನಿನ್ನ ಗಂಡ ಗೊಣಗಿದರೆ ಗೊಣಗಲಿ, ನೀನು ಸೋಲಬೇಡ.

ಒಲೆ ಯಾರಿಗಾಗಿ ಕಟ್ಟಿಸಿದ್ದೆಂದು ಸಿದ್ದಲಕ್ಷ್ಮಮ್ಮನವರಿಗೆ ಮಾತ್ರ ಹೇಳಬೇಡ. ಗೊತ್ತಾದರೆ ಸಂಕೋಚಪಟ್ಟುಕೊಂಡು ಒಳಗೇ ಉಳಿದುಬಿಡುತ್ತಾರೆ.

ಅತ್ತೆ